ತೆಗೆದಿಟ್ಟ ಮೂಲೆ

ಕಿವಿ ಕೇಳದ ಗಂಡನ ಜೊತೆ ಸಂಸಾರ ಮಾಡುವುದರಲ್ಲಿ ಏನು ಕಷ್ಟ ಎಂದು ಯಾರಾದರೂ ಕೇಳಿದರೆ, ಕೂಗುವುದು ಎಂದು ನಾನು ಹೇಳುವುದಿಲ್ಲ. ಕೂಗುವುದು ರೂಢಿಯಾಗುತ್ತದೆ. ಗ್ಯಾಸ್ ಮುಗಿದಿದೆ, ನಿಮ್ಮ ತಂಗಿ ಫೋನ್ ಮಾಡಿದ್ದಳು, ಊಟಕ್ಕೆ ಬನ್ನಿ, ಇವನ್ನೆಲ್ಲ ಕೂಗಿ ಹೇಳಬಹುದು. ಆದರೆ ಇವತ್ತು ಗಾಳಿ ಚೆನ್ನಾಗಿದೆಯಲ್ಲ ಎಂದು ಯಾರು ಕೂಗಿ ಹೇಳುತ್ತಾರೆ? ಮೂರು ಸಲ ಕೂಗಿದ ಮೇಲೆ ಅದು ಗಾಳಿಯ ಮಾತಾಗಿ ಉಳಿಯುವುದಿಲ್ಲ, ಜಗಳವಾಗುತ್ತದೆ. ಅಷ್ಟು ಹೊತ್ತಿಗೆ ಗಾಳಿಯೂ ನಿಂತಿರುತ್ತದೆ. ಹಾಗಾಗಿ ಸಣ್ಣ ಮಾತುಗಳನ್ನು ಒಂದೊಂದಾಗಿ ಬಿಟ್ಟುಕೊಟ್ಟೆ. ಕೊನೆಗೆ ಮನೆಯಲ್ಲಿ ಉಳಿದದ್ದು ಕೆಲಸಕ್ಕೆ ಬರುವ ಮಾತು ಮಾತ್ರ.

ನಮ್ಮವರು ಹೈದರಾಬಾದಿನ ಬಾಲಾನಗರದ ಒಂದು ಶೆಡ್ಡಿನಲ್ಲಿ ಇಪ್ಪತ್ತೆಂಟು ವರ್ಷ ಪ್ರೆಸ್ ಮಷೀನಿನ ಪಕ್ಕ ನಿಂತವರು. ಅವರದು ಅಲ್ಲೇ ಮೆಹದಿಪಟ್ಟಣದಲ್ಲಿ ನೆಲೆಸಿದ ಕನ್ನಡದ ಮನೆತನ. ಅಜ್ಜ, ಅಪ್ಪ, ಚಿಕ್ಕಪ್ಪ ಎಲ್ಲರೂ ಸರ್ಕಾರಿ ಕಚೇರಿಯಲ್ಲಿ ಕಾಗದ ಬರೆದವರು. ಇವರೊಬ್ಬರು ಮಾತ್ರ ಕಬ್ಬಿಣ ಹಿಡಿದರು. ಕಿವಿಗೆ ಹತ್ತಿ ಇಟ್ಟುಕೊಳ್ಳಿ ಎಂದು ನಾನು ಮದುವೆಯಾದ ಹೊಸತರಿಂದ ಬಡಕೊಂಡೆ. "ಹತ್ತಿ ಇಟ್ಕೊಂಡ್ರ ಮಷೀನು ಏನು ಹೇಳ್ತದ ಅನ್ನೋದು ಹೆಂಗ ತಿಳೀಬೇಕು?" ಎನ್ನುತ್ತಿದ್ದರು. ಮಷೀನು ಹೇಳಿದ್ದನ್ನೆಲ್ಲ ಕೇಳಿಸಿಕೊಂಡರು, ಐವತ್ತು ದಾಟುವಷ್ಟರಲ್ಲಿ ಬೇರೆ ಯಾರು ಹೇಳಿದ್ದೂ ಕೇಳದಂತಾಯಿತು.

ಡಾಕ್ಟರು ಪರೀಕ್ಷೆ ಮಾಡಿ, ಸಣ್ಣ ದನಿಗಳೆಲ್ಲ ಹೋಗಿವೆ, ದಪ್ಪ ದನಿ ಮಾತ್ರ ಸ್ವಲ್ಪ ಉಳಿದಿದೆ ಎಂದರು. ನನ್ನ ದನಿ ಸಣ್ಣದು. ಮದುವೆಗೆ ಮುಂಚೆ ನನ್ನನ್ನು ನೋಡಲು ಬಂದಾಗ, ಹುಡುಗಿಯ ದನಿ ಇಂಪಾಗಿದೆ ಎಂದು ನಮ್ಮ ಅತ್ತೆ ಮೆಚ್ಚಿದ್ದರು. ಆ ಇಂಪು ಈಗ ಯಾವ ಉಪಯೋಗಕ್ಕೂ ಬರಲಿಲ್ಲ. ಕಿವಿಗೆ ಹಾಕುವ ಮಷೀನು ತಂದೆವು. ಅದು ಸೀಟಿ ಹೊಡೆಯುತ್ತದೆ, ಪಾತ್ರೆ ಎತ್ತಿ ಎತ್ತಿ ಒಗೆದಂತೆ ಕೇಳುತ್ತದೆ ಎಂದು ಗಡ್ಡ ಹೆರೆಯುವ ಡಬ್ಬಿಯಲ್ಲಿ ಹಾಕಿಟ್ಟರು. ಅಲ್ಲೇ ಇದೆ.

ಇನ್ನೊಂದು ನಷ್ಟವಾಯಿತು, ಅದು ನನಗೆ ಆಗ ಗೊತ್ತಾಗಲಿಲ್ಲ. ನಾನು ಬಾಗಲಕೋಟೆ ಕಡೆಯವಳು. ಹೈದರಾಬಾದಿಗೆ ಬಂದಾಗ ನನಗೆ ತೆಲುಗು ಒಂದಕ್ಷರ ಬರುತ್ತಿರಲಿಲ್ಲ. ಕನ್ನಡಕ್ಕೆ ಕೊನೆಯಲ್ಲಿ ಒಂದು 'ಅಂಡಿ' ಅಂಟಿಸಿದರೆ ತೆಲುಗಾಗುತ್ತದೆ ಎಂಬ ಧೈರ್ಯದ ಮೇಲೆ ಮಾತಾಡಲು ಶುರು ಮಾಡಿದವಳು. ನಮ್ಮೂರಿನಲ್ಲಿ ದೊಡ್ಡ ಗುಡ್ಡ ಇದೆ ಎಂದು ಪಕ್ಕದ ಮನೆಯಾಕೆಗೆ ಹೇಳಿದರೆ ಅವರು, ಅಷ್ಟು ದೊಡ್ಡದನ್ನು ಒಗೆಯುವವರು ಯಾರು ಎಂದು ಕೇಳಿದರು. ತೆಲುಗಿನಲ್ಲಿ ಗುಡ್ಡ ಎಂದರೆ ಬಟ್ಟೆ. ನಮ್ಮವರು ಎರಡು ದಿನ ನಕ್ಕರು. ಆಮೇಲೆ ನಾನು ತೆಲುಗು ಮಾತಾಡುವಾಗಲೆಲ್ಲ ಬಗಲಲ್ಲೇ ನಿಂತು ತಿದ್ದುತ್ತಿದ್ದರು. ತರಕಾರಿಯವನ ಎದುರು, ಬಸ್ಸಿನಲ್ಲಿ, ನನ್ನ ಕಚೇರಿಯವರ ಎದುರು, ಎಲ್ಲಿ ತಪ್ಪಿದರೂ ಸರಿ. ನನಗೆ ಮೈ ಉರಿಯುತ್ತಿತ್ತು. ಕಿವಿ ಹೋದ ಮೇಲೆ ಆ ತಿದ್ದುವುದು ನಿಂತಿತು. ನನ್ನ ತೆಲುಗು ಪಕ್ಕಾ ಆಗಿದೆ ಎಂದು ನಾನು ತಿಳಿದುಕೊಂಡೆ.

ನಾವಿದ್ದದ್ದು ಕೂಕಟ್‌ಪಲ್ಲಿಯ ಒಂದು ಅಪಾರ್ಟ್‌ಮೆಂಟಿನ ಎರಡನೇ ಮಹಡಿಯಲ್ಲಿ. ಸಾಫ್ಟ್‌ವೇರಿನ ಸುಗ್ಗಿ ಬಂದಿದ್ದ ಕಾಲ ಅದು. ಬೆಳಗ್ಗೆ ಎದ್ದು ನೋಡಿದರೆ ಎದುರಿನ ಸೈಟಿನಲ್ಲಿ ಇನ್ನೊಂದು ಮಹಡಿ ಏರಿರುತ್ತಿತ್ತು. ಹಿಂದುಗಡೆ ಮಾತ್ರ ಲೇಔಟಿನವರು ಬಯಲೆಂದು ಬಿಟ್ಟ ಒಂದಿಷ್ಟು ಜಾಗ ಉಳಿದಿತ್ತು. ಒಂದು ಕಾಲಕ್ಕೆ ಕಲ್ಲು ಒಡೆದ ಹಳ್ಳ, ಅದರ ಸುತ್ತ ಆನೆಗಾತ್ರದ ಬಂಡೆಗಳು, ಆಚೆ ಗೋಡೆ, ಗೋಡೆಯಾಚೆ ಕೊಳಚೆ ನೀರಿನ ನಾಲಾ. ಬಯಲಿನ ಒಂದು ಮೂಲೆಯಲ್ಲಿ ಬಳ್ಳಾರಿ ಜಾಲಿ, ಸೀತಾಫಲ, ಹೆಸರು ಗೊತ್ತಿಲ್ಲದ ಬಳ್ಳಿಗಳು ಎಲ್ಲ ಒಂದಕ್ಕೊಂದು ಹೆಣೆದುಕೊಂಡು, ಮನುಷ್ಯರು ನುಸುಳಲಾಗದ ಪೊದೆ ಬೆಳೆದಿತ್ತು. ಅದರೊಳಗೆ ಒಂದು ಜೋಡಿ ಕೆಂಬೂತ.

ಕೆಂಬೂತ ಚಂದದ ಹಕ್ಕಿಯೇನಲ್ಲ. ಮೈ ಕರಿ, ರೆಕ್ಕೆ ಕಂದುಗೆಂಪು, ಕಣ್ಣು ಕೆಂಪು, ಹಾರುವುದಕ್ಕೂ ಸೋಮಾರಿ. ಆದರೆ ದನಿ ದಪ್ಪ. ಹೊಟ್ಟೆಯೊಳಗಿಂದ ಊಪ್ ಊಪ್ ಊಪ್ ಎಂದು ಕೂಗುತ್ತದೆ. ಒಂದು ಬೆಳಗ್ಗೆ ಬಾಲ್ಕನಿಯಲ್ಲಿ ಚಹಾ ಕುಡಿಯುತ್ತಿದ್ದ ನಮ್ಮವರು ತಟ್ಟನೆ ಲೋಟ ಕೆಳಗಿಟ್ಟು ನನ್ನ ಕೈ ಹಿಡಿದರು. "ಅದೇನು ಕೂಗಾಕತ್ತೇತಿ?" ಎಂದರು. ಗುಬ್ಬಿಯಿಲ್ಲ, ಕೋಗಿಲೆಯಿಲ್ಲ, ಕುಕ್ಕರಿನ ಸೀಟಿ ಇಲ್ಲ, ನಾನಿಲ್ಲ. ಆ ಕಿವಿಗೆ ಆ ಒಂದು ಹಕ್ಕಿ ಕೇಳಿಸಿತ್ತು.

ಅಂದಿನಿಂದ ದಿನಾ ಬೆಳಕು ಹರಿಯುವ ಹೊತ್ತಿಗೆ ಕೆಳಗೆ ಹೋಗಿ ಪೊದೆಯ ಎದುರಿನ ಬಂಡೆಯ ಮೇಲೆ ಕೂರತೊಡಗಿದರು. ವಾಪಸು ಬಂದು, ಹಕ್ಕಿ ಎಷ್ಟು ಸಲ ಕೂಗಿತು, ಇನ್ನೊಂದು ಹೇಗೆ ಉತ್ತರ ಕೊಟ್ಟಿತು ಎಂದು ವರದಿ ಒಪ್ಪಿಸುತ್ತಿದ್ದರು. ನನಗೆ ಖುಷಿಯಾಯಿತು ಎಂದರೆ ಅರ್ಧ ಸುಳ್ಳು. ನನಗೆ ಹೊಟ್ಟೆಕಿಚ್ಚೂ ಆಯಿತು. ಮೂವತ್ತು ವರ್ಷ ಅನ್ನ ಹಾಕಿದವಳ ದನಿ ಕೇಳದ ಕಿವಿಗೆ ಪೊದೆಯೊಳಗಿನ ಹಕ್ಕಿಯ ದನಿ ಕೇಳುತ್ತದಲ್ಲ ಎಂದು ರೊಟ್ಟಿ ಬಡಿಯುತ್ತ ಗೊಣಗುತ್ತಿದ್ದೆ. ಗೊಣಗುವುದಕ್ಕೆ ನಮ್ಮ ಮನೆಯಷ್ಟು ಅನುಕೂಲದ ಮನೆ ಇನ್ನೊಂದಿಲ್ಲ.

ಅಷ್ಟರಲ್ಲಿ ಪಾರ್ಕಿನ ಮಾತು ಬಂತು. ಬಯಲು ಹಾಗೇ ಬಿಟ್ಟರೆ ಯಾರಾದರೂ ನುಂಗುತ್ತಾರೆ, ಈಗಲೇ ಪಾರ್ಕ್ ಮಾಡೋಣ ಎಂದು ಕಟ್ಟಡದಡಿಯ ಸೆಲ್ಲಾರಿನಲ್ಲಿ, ಸ್ಕೂಟರುಗಳ ನಡುವೆ ಪ್ಲಾಸ್ಟಿಕ್ ಕುರ್ಚಿ ಹಾಕಿ ಮೀಟಿಂಗ್ ನಡೆಯಿತು. ಮೈಸೂರಿನ ಒಬ್ಬ ಸಾಫ್ಟ್‌ವೇರ್ ಹುಡುಗ ಅಧ್ಯಕ್ಷನಾದ, ಕಂಪ್ಯೂಟರಿನಲ್ಲಿ ನಕ್ಷೆ ಮಾಡಲು ಅವನಿಗೆ ಬರುತ್ತಿತ್ತು. ಕಾರ್ಯದರ್ಶಿ ನಾನಾದೆ. ಸರ್ಕಾರಿ ಕಚೇರಿಯ ಟಪಾಲು ವಿಭಾಗದಲ್ಲಿ ಬರೆದು ಬರೆದು ಬೇಸತ್ತು ಆಗಷ್ಟೇ ಮನೆಯಲ್ಲಿ ಕೂತಿದ್ದೆ. ಕೆಲಸ ಬಿಟ್ಟವಳನ್ನು ಕಂಡರೆ ಎಲ್ಲರಿಗೂ ಕೆಲಸ ನೆನಪಾಗುತ್ತದೆ.

ಹುಡುಗ ಒಳ್ಳೆಯವನೇ. ನಕ್ಷೆಯ ತುಂಬ ಬಣ್ಣ ಹಾಕಿದ್ದ. ಹಳದಿ ಕಡೆ ಮಕ್ಕಳ ಜಾರುಬಂಡಿ, ಉಯ್ಯಾಲೆ, ನಡೆಯುವ ದಾರಿ. ಕೆಂಪು ಕಡೆ ಕಲೆ. ಚಿತ್ರಕಲೆ ಓದುವ ಹುಡುಗಿಯರು ಬಂದು ಗೋಡೆಯ ಮೇಲೆ ಬೋನಾಲು ಹಬ್ಬದಲ್ಲಿ ತಲೆಯ ಮೇಲೆ ಕೊಡ ಹೊತ್ತ ಹೆಂಗಸರನ್ನು ಬರೆಯುವುದು, ನಡುವೆ ಒಂದು ದೊಡ್ಡ ಲೋಹದ ಶಿಲ್ಪ. ಹಸಿರು ಕಡೆ ನ್ಯಾಚುರಲ್ ಹ್ಯಾಬಿಟ್ಯಾಟ್. ಅಂದರೆ ಪೊದೆ. ಅದನ್ನು ಅವನು ಇಂಗ್ಲಿಷಿನಲ್ಲಿ ಹೇಳಿದಾಗ ಆ ಜಾಲಿ ಮುಳ್ಳಿಗೂ ಒಂದು ಗೌರವ ಬಂತು.

"ಆಂಟಿ, ಅಂಕಲ್‌ಗೆ ಹೇಳಿ. ಬಾಲಾನಗರದ ಗುಜರಿ ಕಬ್ಬಿಣದಲ್ಲಿ ಒಂದು ನವಿಲು ಮಾಡಿಕೊಟ್ಟರೆ ಸಾಕು, ನಮ್ಮ ಪಾರ್ಕ್ ಕಡೆ ಎಲ್ಲರೂ ತಿರುಗಿ ನೋಡ್ತಾರೆ" ಎಂದ.

ನಾನು ಕ್ಯಾಲೆಂಡರಿನ ಹಿಂದೆ ದೊಡ್ಡದಾಗಿ 'ನವಿಲು' ಎಂದು ಬರೆದು ತೋರಿಸಿದೆ. ನಮ್ಮವರು ನಕ್ಷೆಯನ್ನು ಬಹಳ ಹೊತ್ತು ನೋಡಿದರು. ಆಮೇಲೆ ಹಸಿರು ಬಣ್ಣದ ಮೇಲೆ ಬೆರಳಿಟ್ಟು ಹೇಳಿದರು. "ನವಲ ಮಾಡ್ತೀನಿ. ಆದ್ರ ಈ ಮೂಲಿ ತಗದಿಡ್ರಿ."

ಹುಡುಗ ಗಾಬರಿಯಾದ. "ತೆಗೆದುಬಿಡೋದಾ ಅಂಕಲ್? ಅಯ್ಯೋ, ಅದೇ ತಾನೇ ನಮ್ಮ ಗ್ರೀನ್ ಜೋನ್!"

ನಾನು ಜೋರಾಗಿ ನಕ್ಕುಬಿಟ್ಟೆ. "ಏನಪಾ, ಮೈಸೂರಾಗ ಕನ್ನಡ ಮಾತಾಡ್ತೀರಿಲ್ಲೋ? ತಗಿ ಬ್ಯಾರೆ, ತಗದಿಡು ಬ್ಯಾರೆ. ಹಬ್ಬದ ದಿನ ತಡಾ ಮಾಡಿ ಬರೋರಿಗೆ ಹೋಳಿಗಿ ತಗದಿಡೂದಿಲ್ಲೇನು? ಹಂಗ. ಯಾರೂ ಮುಟ್ಟಬಾರ್ದು ಅಂತ ಬಾಜೂಕ ಇಡೂದು" ಎಂದೆ. ಅವನು ನಾಚಿಕೊಂಡು, "ಓ, ಎತ್ತಿಡೋದು" ಎಂದ. ಹುಡುಗನ ಕನ್ನಡವನ್ನು ತಿದ್ದಿದ ಹೆಮ್ಮೆಯಲ್ಲಿ ನಾನು ಆ ದಿನ ಮಜ್ಜಿಗೆ ಹುಳಿಗೆ ಉಪ್ಪು ಹಾಕುವುದನ್ನೇ ಮರೆತೆ.

ಮಣ್ಣು ಸಮ ಮಾಡಲು ಜೆಸಿಬಿ ಬಂದದ್ದು ವಾರದ ನಡುವಿನ ಒಂದು ದಿನ. ಕಮಿಟಿಯವರೆಲ್ಲ ಮಾದಾಪುರದ ಕಡೆಯ ಆಫೀಸುಗಳಿಗೆ ಹೋಗಿದ್ದರು. ನಮ್ಮವರು ಬಾಲಾನಗರಕ್ಕೆ ಹೋಗಿದ್ದರು. ಅವರ ಹಳೆಯ ಶೆಡ್ಡಿನ ಜಾಗವನ್ನು ಕಟ್ಟಡದವರಿಗೆ ಕೊಡುವ ಮಾತಾಗಿತ್ತು, ಅಷ್ಟರೊಳಗೆ ಗುಜರಿಯಿಂದ ಬೇಕಾದದ್ದು ಆರಿಸಿಕೊಳ್ಳಲು ಮಾಲೀಕರು ಹೇಳಿದ್ದರು. "ನಿಮಗೆ ತೆಲುಗು ಬರುತ್ತಲ್ಲ ಆಂಟಿ, ಸ್ವಲ್ಪ ನಿಂತ್ಕೊಳ್ಳಿ" ಎಂದು ಹುಡುಗ ಫೋನಿನಲ್ಲಿ ಹೇಳಿದ.

ನಿಂತೆ. ಡ್ರೈವರ್ ಮಹಬೂಬ್‌ನಗರದ ಕಡೆಯವನು, ಮೂವತ್ತೈದರ ಒಳಗಿನ ವಯಸ್ಸು, ತಲೆಗೆ ಟವೆಲ್ ಸುತ್ತಿದ್ದ. ಅವನಿಗೆ ಚಹಾ ಕೊಟ್ಟು ಎಲ್ಲ ತೋರಿಸಿದೆ. ಇಲ್ಲಿ ದಾರಿ, ಇಲ್ಲಿ ಉಯ್ಯಾಲೆ. ಕೊನೆಗೆ ಪೊದೆಯ ಎದುರು ನಿಂತು, ಅನುಮಾನಕ್ಕೆ ಎಡೆಯಿಲ್ಲದಂತೆ, ಕೈಯನ್ನು ಅಗಲವಾಗಿ ಬೀಸಿ, ಆ ಮೂಲೆಯನ್ನೆಲ್ಲ ತೆಗೆದಿಡಿ ಎಂದು ತೆಲುಗಿನಲ್ಲಿ ಹೇಳಿದೆ. "ಆ ಮೂಲ ಅಂತಾ ತೀಸಿ ಪೆಟ್ಟಂಡಿ."

"ಅಂತಾನಾ ಅಮ್ಮಾ?" ಎಂದ. ಪೂರ್ತಿಯಾ ಎಂದು ಕೇಳಿದ, ಪಾಪ. ಕೇಳದೆ ಇರಲಿಲ್ಲ.

"ಅಂತಾ. ಜಾಗ್ರತ್ತಗಾ" ಎಂದೆ. ಪೂರ್ತಿ, ಜೋಪಾನವಾಗಿ.

"ಸರೇ ಅಮ್ಮಾ" ಎಂದ.

ಅಷ್ಟು ಹೊತ್ತಿಗೆ ನಳದಲ್ಲಿ ಮಂಜೀರಾ ನದಿಯ ನೀರು ಬಂದಿತ್ತು. ದಿನ ಬಿಟ್ಟು ದಿನ ಬರುವ ನೀರು, ಹಿಡಿಯದಿದ್ದರೆ ಎರಡು ದಿನ ಗತಿಯಿಲ್ಲ. ಮೇಲೆ ಹೋದೆ, ಡ್ರಮ್ಮು ತುಂಬಿಸಿದೆ, ಕೊಡ ತುಂಬಿಸಿದೆ, ಬಟ್ಟೆಗೂ ಅಷ್ಟು ಹಿಡಿದಿಟ್ಟೆ. ಬೆನ್ನು ಬಿದ್ದುಹೋಯಿತು. ಐದು ನಿಮಿಷವೆಂದು ಮಂಚದ ಮೇಲೆ ಒರಗಿದವಳಿಗೆ ಜೊಂಪು ಹತ್ತಿತು. ಜೆಸಿಬಿಯ ಸದ್ದು ಕಿವಿಯಲ್ಲಿ ಇತ್ತು. ಕೆಲಸ ನಡೆದಿದೆ ಎಂಬ ಸಮಾಧಾನದಲ್ಲೇ ಮಲಗಿದೆ.

ಕೆಳಗೆ ಬಂದಾಗ ಮೂಲೆ ಇರಲಿಲ್ಲ. ಜಾಲಿ ಇರಲಿಲ್ಲ, ಸೀತಾಫಲ ಇರಲಿಲ್ಲ, ಬಳ್ಳಿ ಇರಲಿಲ್ಲ. ಕೆಂಪು ಮಣ್ಣು, ಅದರ ಮೇಲೆ ಚಕ್ರದ ಗುರುತು. ಡ್ರೈವರ್ ಟವೆಲಿನಿಂದ ಮುಖ ಒರೆಸಿಕೊಳ್ಳುತ್ತ ಇಳಿದು ಬಂದ. "ಚೂಡಂಡಮ್ಮಾ, ಎಂತ ಶುಭ್ರಂಗಾ ತೀಸಿ ಪೆಟ್ಟಾನೋ!" ಎಂದ. ಎಷ್ಟು ಸ್ವಚ್ಛವಾಗಿ ತೆಗೆದುಕೊಟ್ಟಿದ್ದೇನೆ ನೋಡಿ ಎಂದು. ಹೇಳುತ್ತ, ಬೇರು ಕಿತ್ತು ಎತ್ತಿ ಆಚೆ ಒಗೆದದ್ದನ್ನು ಕೈಯಲ್ಲೇ ಮಾಡಿ ತೋರಿಸಿದ. ಆ ಕೈಯನ್ನು ನೋಡಿದಾಗ ನನಗೆ ಅರ್ಥವಾಯಿತು. ನಮ್ಮ 'ಇಡು' ಅವರ 'ಪೆಟ್ಟು' ಎಂದು ಮೂವತ್ತು ವರ್ಷದಿಂದ ಹೊಂದಿಸಿಕೊಂಡು ಬಂದಿದ್ದೆ. ಬೆಳೆದು ನಿಂತ ಪೊದೆಗೆ 'ತೀಸಿ ಪೆಟ್ಟಂಡಿ' ಎಂದರೆ ಅವರಲ್ಲಿ ಎತ್ತಿಡಿ ಅಲ್ಲ. ದಯಮಾಡಿ ನನಗೋಸ್ಕರ ಕಿತ್ತು ಹಾಕಿಕೊಡಿ ಎಂದು. ನಾನು ಅವನಿಗೆ ಬೇಡಿಕೊಂಡು ಹೇಳಿದ್ದೆ, ಅವನು ನನ್ನ ಮೇಲಿನ ಗೌರವಕ್ಕೆ ಒಂದು ಕಡ್ಡಿಯೂ ಉಳಿಯದಂತೆ ಮಾಡಿದ್ದ.

ಸಂಜೆ ಹುಡುಗನೂ ಜೆಸಿಬಿ ಕಳಿಸಿದ್ದ ಕಂಟ್ರಾಕ್ಟರೂ ಬಂದರು. ಕಂಟ್ರಾಕ್ಟರ್ ಡ್ರೈವರನ ಮೇಲೆ ಹಾರಾಡಿದ. ಡ್ರೈವರ್ ನನ್ನ ಕಡೆ ಕೈ ತೋರಿಸಿ, ಅಮ್ಮನೇ 'ತೀಸಿ ಪೆಟ್ಟಂಡಿ' ಎಂದು ಹೇಳಿದರು ಸಾರ್ ಎಂದ. ಎಲ್ಲರೂ ನನ್ನನ್ನು ನೋಡಿದರು.

"ನಾ ತಗದಿಡು ಅಂತನ ಹೇಳೀನಿ" ಎಂದೆ, ಹುಡುಗನಿಗೆ, ಕನ್ನಡದಲ್ಲಿ.

ಹುಡುಗನಿಗೆ ಆ ಪದ ಈಗ ಚೆನ್ನಾಗಿ ಗೊತ್ತಿತ್ತು, ನಾನೇ ಕಲಿಸಿದ್ದೆ. ಅವನು ಕಂಟ್ರಾಕ್ಟರನಿಗೆ ಹಿಂದಿಯಲ್ಲಿ, ಆಂಟಿ ಉಳಿಸಿಡಲು ಹೇಳಿದ್ದಾರೆ, ಇವನು ತಪ್ಪು ತಿಳಿದಿದ್ದಾನೆ ಎಂದ. ಡ್ರೈವರನನ್ನು ಅಂದೇ ಆ ಕೆಲಸದಿಂದ ತೆಗೆದರು. ಹೋಗುವಾಗ ಅವನು ನನ್ನನ್ನು ಬೈಯಲಿಲ್ಲ. ಲೋಟ ವಾಪಸು ಕೊಟ್ಟಿರಲಿಲ್ಲ, ಅದನ್ನು ತೊಳೆದು ತಂದು ಬಂಡೆಯ ಮೇಲಿಟ್ಟು ಹೋದ. ನಾನು ಅದನ್ನು ಎತ್ತಿಕೊಂಡು ಮೇಲೆ ಹೋದೆ. ಈಗ ಬರೆಯುವಾಗಲೂ ನನ್ನ ಮೇಲೆ ನನಗೆ ಹೇಸಿಗೆಯಾಗುತ್ತದೆ.

ಕತ್ತಲಾಗುವ ಮುಂಚೆ ನಮ್ಮವರು ಬೇರಿಂಗು, ಗೇರು, ಚೈನು ತುಂಬಿದ ಚೀಲ ಹೊತ್ತು ಬಂದರು. ಮೂಲೆ ನೋಡಿ ಚೀಲ ಇಳಿಸಿದರು. ಮಣ್ಣಿನ ಅಂಚಿನವರೆಗೆ ನಡೆದು ಹೋಗಿ ಬಲಗಿವಿಯ ಹಿಂದೆ ಅಂಗೈ ಒಡ್ಡಿ ನಿಂತರು. ನಾನು ಬಾಲ್ಕನಿಯಿಂದ ನೋಡುತ್ತಿದ್ದೆ. ಕೆಳಗೆ ಹೋಗಲಿಲ್ಲ.

ಮೇಲೆ ಬಂದು, "ಯಾರು ತಗದ್ರು?" ಎಂದರು.

ಇಂಥ ವಿಷಯವನ್ನು ಪಿಸುಮಾತಿನಲ್ಲಿ ಹೇಳಬೇಕು. ನಮ್ಮ ಮನೆಯಲ್ಲಿ ಪಿಸುಮಾತು ಇರಲಿಲ್ಲ. ನಡೆದದ್ದನ್ನೆಲ್ಲ ಕೂಗಿದ್ದರೆ ಮೇಲಿನ ಮಹಡಿ, ಕೆಳಗಿನ ಮಹಡಿ, ಎದುರಿನವರು ಎಲ್ಲರಿಗೂ ಕೇಳುತ್ತಿತ್ತು. ಬರೆದು ತೋರಿಸಬಹುದಿತ್ತು, ಕ್ಯಾಲೆಂಡರ್ ಅಲ್ಲೇ ಇತ್ತು. ಬರೆಯಲಿಲ್ಲ. "ಡ್ರೈವರ್ ತಪ್ಪು ತಿಳಕೊಂಡ!" ಎಂದು ಕೂಗಿದೆ. ಮೂರೇ ಶಬ್ದ, ಕೂಗಲು ಸುಲಭವಾಗಿತ್ತು.

ಪಾರ್ಕಿನ ಕೆಲಸ ಮುಂದುವರಿಯಿತು. ಮೂಲೆಗೆ ಹುಲ್ಲಿನ ಚಾಪೆ ತಂದು ಹಾಸಿದರು. ಮೊದಲೇ ಮಾಡಿಸಿಟ್ಟ ಹಸಿರು ಬೋರ್ಡನ್ನು ಏಕೆ ಕೆಡಿಸಬೇಕೆಂದು ಆ ಹುಲ್ಲಿನ ನಡುವೆ ನೆಟ್ಟರು: ನ್ಯಾಚುರಲ್ ಹ್ಯಾಬಿಟ್ಯಾಟ್, ಒಳಗೆ ಕಾಲಿಡಬೇಡಿ. ಕಾಲಿಡಬೇಡಿ ಎಂದದ್ದಕ್ಕೆ ಹಕ್ಕಿಗಳು ಮಾತ್ರ ಬೆಲೆ ಕೊಟ್ಟವು. ಮಕ್ಕಳು ಅಲ್ಲೇ ಕ್ರಿಕೆಟ್ ಆಡಿದರು.

ನಮ್ಮವರು ಮಾತ್ರ ಮುಂಚಿನಂತೆ ಬೆಳಗ್ಗೆ ಹೋಗಿ ಅದೇ ಬಂಡೆಯ ಮೇಲೆ ಕೂರುತ್ತಿದ್ದರು. ಈಗ ನನ್ನನ್ನೂ ಕರೆದುಕೊಂಡು ಹೋಗುತ್ತಿದ್ದರು. "ಕೂಗ್ತೇನು?" ಎಂದು ಕೇಳುವರು. ನಾನು ಇಲ್ಲ ಎಂದು ತಲೆಯಾಡಿಸುವೆ. ಸ್ವಲ್ಪ ಹೊತ್ತಿಗೆ ಮತ್ತೆ, "ಈಗ?" ನಾನು ಮತ್ತೆ ತಲೆಯಾಡಿಸುವೆ. ಹತ್ತಿಪ್ಪತ್ತು ದಿನ ಹೀಗೇ ಕಳೆಯಿತು. ನಿದ್ದೆಗೆಟ್ಟು, ಮಂಡಿ ನೋಯುತ್ತ, ಇಲ್ಲದ ಹಕ್ಕಿ ಇಲ್ಲವೆಂದು ದಿನಕ್ಕೆ ಆರು ಸಲ ಹೇಳುವ ಕೆಲಸ ನನಗೆ ಸಾಕುಸಾಕಾಗಿ ಹೋಯಿತು.

ಒಂದು ದಿನ ಅವರು ನನ್ನ ಮುಖವನ್ನೇ ನೋಡುತ್ತ ಹೇಳಿದರು. "ಖರೇ ಹೇಳು. ಅದು ಕೂಗಾಕತ್ತೇತಿ. ನನಗ ಕೇಳವಲ್ದು. ನನಗ ಬ್ಯಾಸರ ಆಗ್ತದಂತ ನೀ ಮುಚ್ಚಿಡಾಕತ್ತೀದಿ."

ನಾನು ಇಲ್ಲ, ಇಲ್ಲ ಎಂದು ಎರಡೂ ಕೈ ಆಡಿಸಿದೆ. ಅವರು ನಂಬಲಿಲ್ಲ. ಪೊದೆ ಹೋದರೇನು, ಹಕ್ಕಿ ಅಷ್ಟು ಸುಲಭವಾಗಿ ಜಾಗ ಬಿಡುವುದಿಲ್ಲ, ನಾಲಾದ ಕಡೆ ಎಲ್ಲೋ ಇರಲೇಬೇಕು, ಕಿವಿಯೇ ಪೂರ್ತಿ ಹೋಗಿದೆ ಎಂದು ತೀರ್ಮಾನ ಮಾಡಿಕೊಂಡಿದ್ದರು. ಊಟ ಕಡಿಮೆಯಾಯಿತು. ಕೊರೆಯುವ ಯಂತ್ರದ ಪಕ್ಕ, ಲಾರಿಯ ಹಾರ್ನಿನ ಪಕ್ಕ ಹೋಗಿ ನಿಂತು ತಮ್ಮ ಕಿವಿಯನ್ನು ತಾವೇ ಪರೀಕ್ಷೆ ಮಾಡಿಕೊಳ್ಳುತ್ತಿದ್ದರು. ನಾನೇ ತೆಗೆಸಿದ್ದು, ನನ್ನ ಬಾಯಿಂದಲೇ ಹೋಯಿತು ಎಂದು ಹೇಳಿದರೆ ಮಾತ್ರ ಹಕ್ಕಿ ಹೋದದ್ದನ್ನು ಅವರು ನಂಬುತ್ತಾರೆ ಎಂದು ನನಗೆ ಗೊತ್ತಾಯಿತು. ಅಷ್ಟು ದೊಡ್ಡ ತಪ್ಪನ್ನೇ ಒಪ್ಪಿಕೊಂಡವಳು ಹಕ್ಕಿಯ ಕೂಗನ್ನು ಏಕೆ ಮುಚ್ಚಿಡುತ್ತಾಳೆ? ಹೇಳುವುದಕ್ಕೆ ಮತ್ತೂ ಒಂದು ವಾರ ತೆಗೆದುಕೊಂಡೆ.

ಕೊನೆಗೆ ಒಂದು ಮಧ್ಯಾಹ್ನ ಊಟದ ಡಬ್ಬಿ ತೆಗೆದುಕೊಂಡು ಬಾಲಾನಗರಕ್ಕೆ ಹೋದೆ. ಶೆಡ್ಡಿನ ಹಿಂಭಾಗದಲ್ಲಿ ಅವರು ವೆಲ್ಡಿಂಗ್ ಮಾಡುತ್ತಿದ್ದರು. ಪಕ್ಕದಲ್ಲಿ ಪ್ರೆಸ್ ಮಷೀನು ಧಡ್ ಧಡ್ ಎನ್ನುತ್ತಿತ್ತು. ಆ ಸದ್ದಿನಲ್ಲಿ ಯಾರು ಎಷ್ಟು ಕೂಗಿದರೂ ಯಾರಿಗೂ ಕೇಳುವುದಿಲ್ಲ. ಅವರ ಎದುರು ಕೂತು, ನನ್ನ ತುಟಿ ಕಾಣುವಂತೆ ಮುಖ ಎತ್ತಿ, ಕೂಗಿ ಹೇಳಿದೆ. ಆ ಡ್ರೈವರನ ತಪ್ಪಲ್ಲ. ನಾನೇ ಹೇಳಿದ್ದು. ತೀಸಿ ಪೆಟ್ಟಂಡಿ ಅಂದೆ.

ಅವರು ನನ್ನ ತುಟಿಯನ್ನು ನೋಡಿದರು. "ತೀಸಿ ಪೆಟ್ಟಂಡಿ ಅಂದಿ?"

ಹೂಂ ಎಂದು ತಲೆಯಾಡಿಸಿದೆ.

"ಇರ್ಲಿ, ಬಿಡ್ರಿ ಅನ್ನಾಕ ಉಂಚಂಡಿ ಅನಬೇಕು. ಉಂಚಂಡಿ." ಮೊದಲಿನ ಹಾಗೇ, ಅದೇ ದನಿಯಲ್ಲಿ, ಪಾಠ ಹೇಳುವವರಂತೆ ಬೆರಳೆತ್ತಿ ಹೇಳಿದರು. ಎಷ್ಟೋ ವರ್ಷದ ಮೇಲೆ ನನ್ನ ತೆಲುಗನ್ನು ತಿದ್ದಿದರು. ನನಗೆ ಅಳು ಬಂತು. ಅವರು ಡಬ್ಬಿ ಬಿಚ್ಚಿ ಎರಡು ರೊಟ್ಟಿ ತಿಂದರು, ಮೂರನೆಯದನ್ನು ಮುರಿಯುತ್ತ, "ನಾ ಕನ್ನಡದಾಗ ಏನ್ ಅಂದಿದ್ನೋ ಅದನ್ನ ನೀ ತೆಲುಗಿನ್ಯಾಗ ಅಂದಿ" ಎಂದರು. ಅದು ಸಮಾಧಾನವೋ ದೂರೋ ಗೊತ್ತಾಗಲಿಲ್ಲ. ಕೈ ತೊಳೆದುಕೊಂಡ ಮೇಲೆ ಇನ್ನೊಂದು ಕೇಳಿದರು.

"ಆ ಡ್ರೈವರ್‌ಗ ಹೇಳಿದೇನು?"

ನಾನು ಡಬ್ಬಿಯ ಮುಚ್ಚಳ ಹಾಕತೊಡಗಿದೆ, ಅವರಿಗೆ ತಿಳಿಯಿತು. ಮುಖಕ್ಕೆ ಗಾಜಿನ ಗುರಾಣಿ ಇಳಿಸಿಕೊಂಡು ಮತ್ತೆ ವೆಲ್ಡಿಂಗ್ ಶುರು ಮಾಡಿದರು. ನಾನು ಖಾಲಿ ಡಬ್ಬಿ ಹಿಡಿದು ಬಸ್ ಹತ್ತಿದೆ. ಕಂಟ್ರಾಕ್ಟರನಿಗೆ ಫೋನ್ ಮಾಡಿ ನಿಜ ಹೇಳಿದೆ. ಅವನು ನಕ್ಕು, ಆ ಡ್ರೈವರ್ ಎಲ್ಲಿದ್ದಾನೋ ಯಾರಿಗೆ ಗೊತ್ತು ಮೇಡಂ, ಊರ ತುಂಬ ಕೆಲಸ ಇದೆ ಎಂದ. ಊರ ತುಂಬ ಜೆಸಿಬಿಗಳೂ ಇದ್ದವು. ಎಲ್ಲಿ ಹಳದಿ ಯಂತ್ರ ಕಂಡರೂ ನಿಂತು ಒಳಗೆ ಕೂತವನ ಮುಖ ನೋಡುವುದು ನನಗೆ ಚಟವಾಯಿತು. ಅವನು ಸಿಗಲಿಲ್ಲ.

ಶಿಲ್ಪ ಬಂದ ದಿನ ಪಾರ್ಕಿನಲ್ಲಿ ಜನ ಸೇರಿದ್ದರು. ಟೆಂಪೋದಿಂದ ಇಳಿಸಿ ಗೋಣಿತಾಟು ಬಿಚ್ಚಿದಾಗ ಎಲ್ಲರೂ ಹತ್ತಿರ ಬಂದು ನೋಡಿದರು. ಅದು ನವಿಲಾಗಿರಲಿಲ್ಲ. ಹಳೆಯ ಕಂಪ್ರೆಸರಿನ ಟ್ಯಾಂಕು ಹೊಟ್ಟೆ, ಎಣ್ಣೆ ಹಾಕಿ ಸುಟ್ಟ ಕಪ್ಪು. ಮಳೆಯಲ್ಲಿ ಬಿಟ್ಟು ತುಕ್ಕು ಹಿಡಿಸಿದ ತಗಡಿನ ರೆಕ್ಕೆ. ಕಣ್ಣಿಗೆ ಎರಡು ಬೇರಿಂಗು. ಆಳೆತ್ತರದ ಕೆಂಬೂತ. ಮೈಸೂರಿನ ಹುಡುಗ ನನ್ನ ಪಕ್ಕ ಬಂದು, "ಆಂಟಿ, ನವಿಲು ಅಂದಿದ್ವಲ್ಲ, ಇದು ಕಾಗೆನಾ?" ಎಂದು ಮೆಲ್ಲಗೆ ಕೇಳಿದ. "ಮೂಲಿ ತಗದಿಟ್ರ ನವಲ ಅಂದಿದ್ರಪಾ ಅವರು" ಎಂದೆ. ಅವನು ಹಾರ ತರಲು ಹೋದ. ಅವನ ಮೇಲೆ ಸಿಡುಕುವ ಹಕ್ಕು ನನಗಿರಲಿಲ್ಲ.

ಆ ಟ್ಯಾಂಕಿನ ಹೊಟ್ಟೆಗೆ ಗುದ್ದಿದರೆ ಗುಮ್ ಎನ್ನುತ್ತದೆ ಎಂದು ಮಕ್ಕಳು ಮೊದಲ ದಿನವೇ ಕಂಡುಕೊಂಡರು. ನವಿಲಾಗಿದ್ದರೆ ದೂರದಿಂದ ನೋಡಿ ಹೋಗುತ್ತಿದ್ದರು, ಇದನ್ನು ಬಾರಿಸಿ ಬಾರಿಸಿ ಎದೆಯ ಭಾಗ ಹೊಳೆಯುವಂತೆ ಮಾಡಿದರು. ಪಾರ್ಕಿಗೆ ಬರುವವರು ಅದನ್ನು ಏನೆಂದರೂ ಕರೆಯಲಿ ಎಂದು ನಮ್ಮವರು ಹೆಸರು ಬರೆಯಲಿಲ್ಲ. ಬೆಳಗ್ಗೆ ಬಂಡೆಯ ಬದಲು ಅದರ ಕಟ್ಟೆಯ ಮೇಲೆ ಕೂರತೊಡಗಿದರು. "ಕೂಗ್ತೇನು" ಎಂದು ಕೇಳುವುದನ್ನು ಬಿಟ್ಟಿದ್ದರು. ಹಕ್ಕಿ ಇಲ್ಲ, ಕಿವಿ ಇದೆ ಎಂದು ಅವರು ಒಪ್ಪಿಕೊಂಡಿದ್ದರು. ಅಷ್ಟನ್ನಾದರೂ ನನ್ನ ತಪ್ಪೊಪ್ಪಿಗೆ ಮಾಡಿಕೊಟ್ಟಿತ್ತು.

ಅದಾಗಿ ಎರಡು ಮಳೆಗಾಲ ಕಳೆದವು. ಎರಡನೆಯದು ಮುಗಿಯುತ್ತ ಬಂದಿದ್ದ ಒಂದು ಬೆಳಗ್ಗೆ ನಾವಿಬ್ಬರೂ ಕಟ್ಟೆಯ ಮೇಲೆ ಕೂತಿದ್ದೆವು. ನಡೆಯುವವರು ಇನ್ನೂ ಬಂದಿರಲಿಲ್ಲ. ನಾಲಾದ ಆಚೆಯಿಂದ, ಗೋಡೆಯ ಹಿಂದಿನಿಂದ, ಊಪ್ ಊಪ್ ಊಪ್ ಎಂದು ಕೇಳಿತು. ಅದು ನಿಂತು ಮತ್ತೆ ಕೂಗಿತು, ಸ್ಪಷ್ಟವಾಗಿ, ಮೊದಲಿನ ಹಾಗೇ.

ನಾನು ಅವರ ಕಡೆ ನೋಡಿದೆ. ಅವರು ಉಯ್ಯಾಲೆಯ ಸರಪಳಿಯನ್ನು ನೋಡುತ್ತಿದ್ದರು. ಒಂದು ಕೊಂಡಿ ಸವೆದಿದೆ, ಬದಲಿಸಬೇಕು ಎಂದರು. ಹಕ್ಕಿ ಮೂರನೆಯ ಸಲ ಕೂಗಿತು. ಅವರು ಕತ್ತು ತಿರುಗಿಸಲಿಲ್ಲ.

ನನ್ನ ಮುಖದಲ್ಲಿ ಏನು ಕಂಡಿತೋ, "ಏನಾತು?" ಎಂದರು. ಆಮೇಲೆ ತಾವೇ, ಬಹಳ ದಿನದ ಮೇಲೆ, ಕೇಳಿದರು. "ಕೂಗ್ತೇನು?"

ಇಲ್ಲ ಎನ್ನಲು ತಲೆ ಅರ್ಧ ಆಡಿತ್ತು, ಹಿಡಿದುಕೊಂಡೆ. ಅವರ ಕೈ ತೆಗೆದುಕೊಂಡು ಕಬ್ಬಿಣದ ಹಕ್ಕಿಯ ಹೊಟ್ಟೆಯ ಮೇಲಿಟ್ಟೆ. ಗೋಡೆಯಾಚೆಯದು ಕೂಗಲು ಶುರು ಮಾಡಿದಾಗ ಅದು ಕೂಗಿದಷ್ಟು ಸಲ, 'ಊಪ್'ಗೆ ಒಂದರಂತೆ, ಮುಷ್ಟಿಯಿಂದ ಗುದ್ದಿದೆ. ಅದು ನಿಂತಾಗ ನಿಲ್ಲಿಸಿದೆ. ಅದು ಮತ್ತೆ ಶುರು ಮಾಡುವವರೆಗೆ ಕಾದೆ. ಒಂದು ಹೆಚ್ಚಿಲ್ಲ, ಒಂದು ಕಡಿಮೆಯಿಲ್ಲ.

ಅವರು ಕಣ್ಣು ಮುಚ್ಚಿಕೊಂಡಿದ್ದರು. ಬಹಳ ಹೊತ್ತಿನ ಮೇಲೆ, "ದೂರದಾಗ ಐತಿ" ಎಂದರು.

"ಹೌದ್ರಿ, ದೂರದಾಗ ಐತಿ" ಎಂದೆ. ಕೂಗಲಿಲ್ಲ. ಸಣ್ಣ ದನಿಯಲ್ಲೇ ಹೇಳಿದೆ.